ಸವೆತಕ್ಕೊಂದು ಕಾರಣ: ಸಿನಿಮಾ ಪಿಸ್ತೂಲಿನ ಪ್ರತಿಕೃತಿ ಕಟ್ಟಿ ಬಣ್ಣ ಹಚ್ಚಿದ ಅನುಭವ

ಕಿಟ್ಟಿನ ಪೆಟ್ಟಿಗೆಯಲ್ಲಿ ಇದ್ದದ್ದು ಮಾಸಲು ಹಳದಿ ಬಣ್ಣದ 21 ರೆಸಿನ್ (ಅಚ್ಚಿನಲ್ಲಿ ಎರೆದು ಗಟ್ಟಿಯಾಗಿಸುವ ಪ್ಲಾಸ್ಟಿಕ್) ತುಂಡುಗಳು, ಸಣ್ಣದೊಂದು ಪೊಟ್ಟಣದಲ್ಲಿ ನಾಲ್ಕಾರು ಸ್ಕ್ರೂಗಳು ಮತ್ತು ಗೇಣುದ್ದದ ಒಂದು ಉಕ್ಕಿನ ಸರಳು, ಅಷ್ಟೇ. ಜೋಡಣೆಯ ಕ್ರಮವನ್ನು ತಿಳಿಸುವ ಹಾಳೆ ಇರಲಿಲ್ಲ. ಇಂಥ ಕಿಟ್‌ಗಳನ್ನು ಕೊಳ್ಳುವವರಿಗೆ ಮೂಲ ವಸ್ತುವಿನ ಒಂದೊಂದು ಭಾಗವೂ ಕಣ್ಣಿಗೆ ಕಟ್ಟಿದಂತೆ ಗೊತ್ತಿರುತ್ತದೆ ಎಂದು ತಯಾರಿಸುವವರು ನಂಬಿರುತ್ತಾರೆ. ನನಗೂ ಗೊತ್ತಿತ್ತು. 1977ರ ‘ಸ್ಟಾರ್ ವಾರ್ಸ್’ ಚಿತ್ರದಲ್ಲಿ ಹ್ಯಾನ್ ಸೋಲೋ ಎಂಬ ಪಾತ್ರ ಬಲತೊಡೆಗೆ ಕಟ್ಟಿಕೊಂಡು ತಿರುಗುವ ಡಿಎಲ್-44 ಪಿಸ್ತೂಲನ್ನು ದೃಶ್ಯ ನಿಲ್ಲಿಸಿ ನಿಲ್ಲಿಸಿ ನಾನು ಎಷ್ಟು ಬಾರಿ ನೋಡಿದ್ದೇನೆ ಎಂಬುದಕ್ಕೆ ಲೆಕ್ಕವಿಲ್ಲ. ಆದರೂ ಕೆಲಸ ಮುಗಿಯಲು ನಾಲ್ಕು ತಿಂಗಳ ವಾರಾಂತ್ಯಗಳು ಬೇಕಾದವು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸಮಯ ಹೋದದ್ದು ತುಂಡುಗಳನ್ನು ಅಂಟಿಸುವುದಕ್ಕಲ್ಲ, ಹಳೆಯ ಲೋಹದ ವಸ್ತುವೊಂದು ಹೇಗೆ ಸವೆಯುತ್ತದೆ ಎಂಬುದನ್ನು ಅರಿತುಕೊಳ್ಳುವುದಕ್ಕೆ.

ಈ ಪಿಸ್ತೂಲು ಬಾಹ್ಯಾಕಾಶದ ಆಯುಧದಂತೆ ಕಂಡರೂ ಅದರ ಮೈ ನಮ್ಮ ಲೋಕದ್ದೇ. ಚಿತ್ರದ ಸೆಟ್ ಅಲಂಕಾರದ ಹೊಣೆ ಹೊತ್ತಿದ್ದ ರೋಜರ್ ಕ್ರಿಶ್ಚಿಯನ್ ಅವರು, ಹೊಳೆಯುವ ಪ್ಲಾಸ್ಟಿಕ್ ಆಯುಧಗಳನ್ನು ಹೊಸದಾಗಿ ಮಾಡಿಸುವ ಬದಲು, ಸಿನಿಮಾಗಳಿಗೆ ಬಂದೂಕು ಬಾಡಿಗೆ ಕೊಡುವ ಲಂಡನ್ನಿನ ಬ್ಯಾಪ್ಟಿ ಸಂಸ್ಥೆಯಿಂದ ನಿಜವಾದ ಬಂದೂಕುಗಳನ್ನು ತಂದು ಅವುಗಳ ಮೇಲೆ ಇತರ ಯಂತ್ರಗಳ ಬಿಡಿಭಾಗಗಳನ್ನು ಕೂರಿಸಿದರು. ಬಿಳಿ ಕವಚದ ಸೈನಿಕರ ಕೈಗೆ ಹೋದದ್ದು ಬ್ರಿಟಿಷ್ ಸ್ಟರ್ಲಿಂಗ್ ಸಬ್‌ಮಷೀನ್ ಗನ್. ಬೆಳಕಿನ ಖಡ್ಗದ ಹಿಡಿಯಾದದ್ದು ಗ್ರಾಫ್ಲೆಕ್ಸ್ ಎಂಬ ಹಳೆಯ ಕ್ಯಾಮೆರಾ ಫ್ಲ್ಯಾಷ್‌ನ ಕೊಳವೆ. ಹ್ಯಾನ್ ಸೋಲೋಗೆ ಸಿಕ್ಕಿದ್ದು ಜರ್ಮನಿಯ ಮೌಸರ್ ಸಿ96. ಅದರ ನಳಿಕೆಯ ತುದಿಗೆ ಎರಡನೆಯ ಮಹಾಯುದ್ಧದ ಕಾಲದ ಎಂಜಿ 81 ಎಂಬ ವಿಮಾನದ ಮಷೀನ್ ಗನ್‌ನ ಶಂಕುವಿನಾಕಾರದ ಜ್ವಾಲಾರೋಧಕವನ್ನು (ಗುಂಡು ಹಾರುವಾಗಿನ ಬೆಂಕಿಯ ಮಿಂಚನ್ನು ತಗ್ಗಿಸುವ ಭಾಗ) ತೊಡಿಸಿ, ಮೇಲ್ಗಡೆ ಹೆನ್ಸೋಲ್ಟ್ ಕಂಪನಿಯ ಹಳೆಯ ಸ್ಕೋಪನ್ನು, ಅಂದರೆ ಗುರಿ ನೋಡುವ ದುರ್ಬೀನನ್ನು, ಕೂರಿಸಿದರು. ಆ ಚಿತ್ರದ ಕಲಾ ನಿರ್ದೇಶನಕ್ಕೆ ಆಸ್ಕರ್ ಬಂದಾಗ ಪ್ರಶಸ್ತಿ ಪಡೆದವರಲ್ಲಿ ಕ್ರಿಶ್ಚಿಯನ್ ಅವರೂ ಒಬ್ಬರು. ಬಳಸಿ ಬಳಸಿ ಹಳತಾದ ಲೋಕವೊಂದನ್ನು ತೆರೆಯ ಮೇಲೆ ನಂಬಿಸಿದ್ದಕ್ಕೆ ಆ ಗೌರವ ಸಲ್ಲಲೇಬೇಕಿತ್ತು ಎಂದೇ ನನ್ನ ಭಾವನೆ.

ಸಿ96ರ ಇತಿಹಾಸವೂ ಸಣ್ಣದೇನಲ್ಲ. 1896ರಿಂದ 1937ರವರೆಗೆ ಜರ್ಮನಿಯ ಓಬರ್ನ್‌ಡಾರ್ಫ್‌ನಲ್ಲಿ ತಯಾರಾದ ಈ ಪಿಸ್ತೂಲಿನ ಗುಂಡಿನ ಪೆಟ್ಟಿಗೆ ಹಿಡಿಯೊಳಗಿಲ್ಲ, ಟ್ರಿಗರಿನ ಮುಂದಿದೆ. ಉರುಟಾಗಿ ಕೆಳಗಿಳಿಯುವ ಮರದ ಹಿಡಿಯಿಂದಾಗಿ ಇದಕ್ಕೆ ‘ಪೊರಕೆ ಹಿಡಿ’ ಎಂಬ ಅಡ್ಡಹೆಸರೇ ಬಿದ್ದಿತ್ತು. 1898ರಲ್ಲಿ ಸುಡಾನಿನ ಓಮ್‌ಡರ್ಮನ್ ಯುದ್ಧಕ್ಕೆ ಹೋದ ತರುಣ ವಿನ್ಸ್ಟನ್ ಚರ್ಚಿಲ್ ಕೈಯಲ್ಲಿದ್ದದ್ದೂ ಇಂಥದೇ ಪಿಸ್ತೂಲು. ಇದನ್ನೆಲ್ಲ ಓದಿದ ಮೇಲೆ ನನ್ನ ಕೆಲಸದ ಸ್ವರೂಪವೇ ಬದಲಾಯಿತು. ನಾನು ಬಣ್ಣ ಹಚ್ಚಬೇಕಾದದ್ದು ಕಲ್ಪನೆಯ ಆಯುಧಕ್ಕಲ್ಲ; ಹಲವು ದಶಕಗಳ ಕಾಲ ಯಾರ್ಯಾರದೋ ಕೈಯಲ್ಲಿ ಓಡಾಡಿ, ಬಾಡಿಗೆ ಕಪಾಟಿನಲ್ಲಿ ಮಲಗಿ, ಕೊನೆಗೊಂದು ದಿನ ಸ್ಕೋಪ್ ತೊಟ್ಟು ಕ್ಯಾಮೆರಾ ಮುಂದೆ ನಿಂತ ಹಳೆಯ ಉಕ್ಕಿಗೆ.

ಮೊದಲು ತೀರ್ಮಾನವಾಗಬೇಕಾದದ್ದು ಯಾವ ಚಿತ್ರದ ಪಿಸ್ತೂಲು ಎಂಬುದು. ಮುಂದಿನ ಚಿತ್ರಗಳಲ್ಲಿ ಈ ಪಿಸ್ತೂಲಿನ ವಿವರಗಳು ಬದಲಾಗಿವೆ, ಎಲ್ಲದರಿಂದ ಸ್ವಲ್ಪ ಸ್ವಲ್ಪ ತೆಗೆದುಕೊಂಡರೆ ಯಾವುದಕ್ಕೂ ಹೊಂದದ ವಸ್ತು ಸಿದ್ಧವಾಗುತ್ತದೆ. ನಾನು ಮೊದಲ ಚಿತ್ರಕ್ಕೇ ಕಟ್ಟುಬಿದ್ದೆ. ಆ ಚಿತ್ರಕ್ಕೆ ಬಳಕೆಯಾದ ಪಿಸ್ತೂಲೊಂದು 2022ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಹರಾಜಾಗಿ 10,57,500 ಡಾಲರಿಗೆ ಮಾರಾಟವಾಯಿತು. ಹರಾಜಿನ ಹೊತ್ತಿನಲ್ಲಿ ಪ್ರಕಟವಾದ ಸ್ಪಷ್ಟವಾದ ಛಾಯಾಚಿತ್ರಗಳು ನನ್ನಂಥವರಿಗೆ ನಿಜವಾದ ಉಪಕಾರ ಮಾಡಿವೆ. ಚಿತ್ರದ ದೃಶ್ಯಗಳಲ್ಲಿ ಪಿಸ್ತೂಲು ಕೈ ಬೀಸಿನ ಮಸುಕಿನಲ್ಲಿ ಕಳೆದುಹೋಗುತ್ತದೆ. ನಿಶ್ಚಲ ಚಿತ್ರಗಳಲ್ಲಿ ಮಾತ್ರ ಸ್ಕೋಪಿನ ಆಸರೆ ಯಾವ ಕೋನದಲ್ಲಿ ಬಾಗಿದೆ, ಸ್ಕ್ರೂಗಳ ತಲೆ ಎಷ್ಟು ದಪ್ಪ ಎಂಬುದೆಲ್ಲ ಕಾಣುತ್ತದೆ.

ತುಂಡುಗಳನ್ನು ಕೈಗೆತ್ತಿಕೊಳ್ಳುವ ಮೊದಲು ಅಳತೆ ಮಾಡಿದೆ. ರೆಸಿನ್ ಗಟ್ಟಿಯಾಗುವಾಗ ತುಸು ಕುಗ್ಗುತ್ತದೆ. ಎರಕದ ತುಂಡಿನಿಂದಲೇ ಮತ್ತೊಂದು ಅಚ್ಚು ತೆಗೆದು ಎರೆದರೆ ಆ ಕುಗ್ಗುವಿಕೆ ಇನ್ನೊಮ್ಮೆ ಸೇರಿಕೊಳ್ಳುತ್ತದೆ, ಅಂಚುಗಳ ಚೂಪೂ ಮಾಸುತ್ತದೆ. ಒಬ್ಬರ ಶ್ರಮವನ್ನು ಹೀಗೆ ಕದ್ದು ಎರೆದು ಮಾರುವವರಿದ್ದಾರೆ. ಅಂಥ ಕಿಟ್ ಕೊಳ್ಳುವುದು ಮೂಲ ಮಾದರಿಯನ್ನು ತಿಂಗಳುಗಟ್ಟಲೆ ತಿದ್ದಿ ರೂಪಿಸಿದವರಿಗೆ ಮಾಡುವ ಅನ್ಯಾಯ ಎಂದು ನಾನು ತಿಳಿದಿದ್ದೇನೆ. ಕ್ಯಾಲಿಪರ್ ಎಂಬ ಅಳತೆಯ ಸಾಧನ ಹಿಡಿದು ನೋಡಿದಾಗ ನನ್ನ ಕಿಟ್ಟಿನ ಪಿಸ್ತೂಲು ನಿಜವಾದ ಸಿ96ರ ಅಳತೆಗೆ ಕೂದಲೆಳೆಯಷ್ಟು ಮಾತ್ರ ಕಡಿಮೆಯಿತ್ತು. ಹಿಡಿಗೆ ನಿಜವಾದ ಸ್ಕ್ರೂ ಹಾಕುವ ಆಸೆ ಇದ್ದುದರಿಂದ ಆ ಅಳತೆ ನೋಡಿ ಸಮಾಧಾನವಾಯಿತು.

ಮುಂದಿನದು ತೊಳೆಯುವ ಕೆಲಸ. ಸಿಲಿಕೋನ್ ಅಚ್ಚಿನಿಂದ ತುಂಡು ಸಲೀಸಾಗಿ ಬಿಟ್ಟುಬರಲೆಂದು ಹಚ್ಚುವ ಜಿಡ್ಡು ರೆಸಿನ್ನಿನ ಮೇಲೆ ಕಣ್ಣಿಗೆ ಕಾಣದಂತೆ ಉಳಿದಿರುತ್ತದೆ, ಅದರ ಮೇಲೆ ಯಾವ ಬಣ್ಣವೂ ಕಚ್ಚಿಕೊಳ್ಳುವುದಿಲ್ಲ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪು ಬೆರೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಒಂದೊಂದನ್ನೂ ಉಜ್ಜಿ ಒಣಗಲು ಬಿಟ್ಟೆ. ಎಲ್ಲವನ್ನೂ ಉಜ್ಜಿದೆನೆಂದೇ ಆಗ ತಿಳಿದಿದ್ದೆ. ಆಮೇಲೆ ರೆಸಿನ್ ಸುರಿದ ಬಾಯಿಗಳಲ್ಲಿ ಉಳಿದಿದ್ದ ಮೊಟಕುಗಳನ್ನು ಸಣ್ಣ ಹಲ್ಲಿನ ಗರಗಸದಿಂದ ಕೊಯ್ದು, ಅಚ್ಚಿನ ಎರಡು ಹೋಳು ಕೂಡಿದ ಕಡೆ ಎದ್ದಿದ್ದ ತೆಳು ಪೊರೆಯನ್ನು ಚಾಕುವಿನಿಂದ ಹೆರೆದೆ. ನಳಿಕೆ ಸಾಗಾಣಿಕೆಯಲ್ಲೋ ಬಿಸಿಲಿನಲ್ಲೋ ತುಸು ಬಾಗಿತ್ತು. ಹಬೆಯಾಡುವ ಬಿಸಿನೀರಿನಲ್ಲಿ ಎರಡು ನಿಮಿಷ ಅದ್ದಿದರೆ ರೆಸಿನ್ ಮೆತ್ತಗಾಗುತ್ತದೆ. ಆಗ ಅದನ್ನು ಗಾಜಿನ ಹಲಗೆಯ ಮೇಲೆ ಉರುಳಿಸಿ ನೇರ ಮಾಡಿ, ಹಾಗೇ ಹಿಡಿದುಕೊಂಡು ತಣ್ಣೀರಿಗೆ ಇಳಿಸಿದರೆ ಅದೇ ಆಕಾರದಲ್ಲಿ ನಿಲ್ಲುತ್ತದೆ. ಅದರೊಳಗೆ ಉಕ್ಕಿನ ಸರಳನ್ನು ತೂರಿಸಿ ಎಪಾಕ್ಸಿ (ಎರಡು ಭಾಗ ಬೆರೆಸಿ ಹಚ್ಚುವ ಗಟ್ಟಿ ಅಂಟು) ಹಾಕಿದ ಮೇಲೆ ಮತ್ತೆ ಬಾಗುವ ಭಯ ಉಳಿಯಲಿಲ್ಲ, ನಳಿಕೆಯೂ ಕೊನೆಯವರೆಗೆ ಗಟ್ಟಿಯಾಗಿ ಮುಚ್ಚಿಹೋಯಿತು.

ಎರಕದ ಮೈಮೇಲೆ ಸೂಜಿಮೊನೆಯಂಥ ಗುಳ್ಳೆ ತೂತುಗಳು ಬಹಳ ಇದ್ದವು. ಅವುಗಳಿಗೆ ಸೂಪರ್ ಗ್ಲೂ ತುಂಬಿ ಮೇಲೆ ಚಿಟಿಕೆ ಅಡಿಗೆ ಸೋಡಾ ಉದುರಿಸಿದರೆ ಕ್ಷಣಮಾತ್ರದಲ್ಲಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಆದರೆ ಕೂಡಲೇ ಉಜ್ಜಿ ಸಮ ಮಾಡಬೇಕು. ಮರುದಿನಕ್ಕೆ ಬಿಟ್ಟರೆ ತುಂಬಿದ ಭಾಗ ಸುತ್ತಲಿನ ರೆಸಿನ್ನಿಗಿಂತ ಗಡುಸಾಗಿ, ಉಜ್ಜಿದಷ್ಟೂ ಅಕ್ಕಪಕ್ಕವೇ ತಗ್ಗಾಗುತ್ತ ಹೋಗುತ್ತದೆ. 1942ರಲ್ಲಿ ಬಂದೂಕಿನ ಗುರಿಕಾಣ್ಕೆಗೆ ಬೇಕಾದ ಪಾರದರ್ಶಕ ಪ್ಲಾಸ್ಟಿಕ್ಕನ್ನು ಹುಡುಕುತ್ತಿದ್ದ ಕೊಡಾಕ್‌ನ ಹ್ಯಾರಿ ಕೂವರ್ ಅವರ ಕೈಗೆ ಈ ಅಂಟು ಮೊದಲು ಸಿಕ್ಕಿದ್ದು. ಎಲ್ಲಕ್ಕೂ ಅಂಟಿಕೊಳ್ಳುತ್ತದೆಂದು ಆಗ ಅದನ್ನು ಬದಿಗಿಟ್ಟಿದ್ದರು, ಮಾರುಕಟ್ಟೆಗೆ ಬಂದದ್ದು 1958ರಲ್ಲಿ. ಸ್ಕೋಪಿನ ಮೈಯ ತೂತುಗಳನ್ನು ಅದೇ ಅಂಟಿನಿಂದ ಮುಚ್ಚುತ್ತಿದ್ದಾಗ ಈ ಸಂಗತಿ ನೆನಪಾಗಿ ಮನಸ್ಸಿಗೆ ಹಿತವೆನಿಸಿತು. ಉಜ್ಜುವ ಕೆಲಸವನ್ನೆಲ್ಲ 220ರ ಎಮರಿ ಕಾಗದದಿಂದ ಆರಂಭಿಸಿ 400, 600, 800 ಎಂದು ಏರಿಸುತ್ತ (ಅಂಕಿ ಏರಿದಷ್ಟೂ ಕಾಗದ ನಯ), ಎಲ್ಲವನ್ನೂ ನೀರಿನಲ್ಲಿ ಅದ್ದಿಯೇ ಮಾಡಿದೆ. ರೆಸಿನ್ನಿನ ಒಣ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮುಖಗವಸಿಲ್ಲದೆ ಈ ಕೆಲಸಕ್ಕೆ ಯಾರೂ ಕೂರಬಾರದು.

ಜೋಡಣೆಯಲ್ಲಿ ನನ್ನ ತಾಳ್ಮೆಯನ್ನು ಪರೀಕ್ಷಿಸಿದ್ದು ಸ್ಕೋಪಿನ ಆಸರೆ ಒಂದೇ. ಸ್ಕೋಪಿನ ಕೊಳವೆ ಮತ್ತು ಪಿಸ್ತೂಲಿನ ನಳಿಕೆ ಒಂದರ ಮೇಲೊಂದು ಹಾಕಿದ ಎರಡು ಸಮಾನಾಂತರ ಗೆರೆಗಳು. ಅವುಗಳ ನಡುವೆ ಅರ್ಧ ಡಿಗ್ರಿಯ ವ್ಯತ್ಯಾಸವಿದ್ದರೂ, ಅದು ಏನೆಂದು ಹೇಳಲಾಗದವರ ಕಣ್ಣಿಗೂ ಎಲ್ಲೋ ಸರಿಯಿಲ್ಲ ಎಂದು ತಟ್ಟುತ್ತದೆ. ಬರೀ ಅಂಟಿನ ಮೇಲೆ ಆಸರೆ ನಿಲ್ಲುವುದಿಲ್ಲ. ಕೈಡ್ರಿಲ್ಲಿನಿಂದ ಎರಡೂ ಕಡೆ 2 ಮಿಲಿಮೀಟರಿನ ತೂತು ಕೊರೆದು ಹಿತ್ತಾಳೆಯ ಗೂಟಗಳನ್ನು ಕೂರಿಸಬೇಕಿತ್ತು, ತೂತುಗಳು ಎದುರುಬದುರಾಗಿ ಒಂದೇ ನೇರಕ್ಕೆ ಬರಬೇಕಿತ್ತು. ಒಂದು ಬದಿಯ ತೂತಿಗೆ ಗೂಟ ಸಿಕ್ಕಿಸಿ, ಅದರ ತುದಿಗೆ ಬಣ್ಣದ ಚುಕ್ಕೆ ಇಟ್ಟು ಎದುರಿನ ಭಾಗಕ್ಕೆ ಒತ್ತಿದರೆ ಎಲ್ಲಿ ಕೊರೆಯಬೇಕೆಂಬ ಗುರುತು ತಾನಾಗಿ ಬೀಳುತ್ತದೆ. ಗುರುತು ಸರಿಯಾಗಿ ಬಿದ್ದರೂ ನನ್ನ ಕೈ ತುಸು ಓರೆಯಾಗಿ ಮೊದಲ ತೂತು ಹಾಳಾಯಿತು. ಅದನ್ನು ಮುಚ್ಚಿ, ಮತ್ತೆ ಕೊರೆದೆ. ಅರ್ಧ ಗಂಟೆಯಲ್ಲಿ ಗಟ್ಟಿಯಾಗುವ ಎಪಾಕ್ಸಿಯನ್ನು ಬೇಕೆಂದೇ ಆರಿಸಿಕೊಂಡಿದ್ದೆ, ಏಕೆಂದರೆ ಐದು ನಿಮಿಷದ ಅಂಟಿನಲ್ಲಿ ತಿದ್ದಿಕೊಳ್ಳಲು ಬಿಡುವಿರುವುದಿಲ್ಲ. ಆ ಅರ್ಧ ಗಂಟೆ ಪಿಸ್ತೂಲನ್ನು ಮೇಜಿನ ಮೇಲೆ ಬಿಗಿಸಿ, ಎರಡೂ ಕೊಳವೆಗಳ ಪಕ್ಕಕ್ಕೆ ಉಕ್ಕಿನ ಅಡಿಕೋಲುಗಳನ್ನು ಇಟ್ಟು, ಮುಂದಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ, ಮೇಲಿನಿಂದ ಒಮ್ಮೆ ನೋಡುತ್ತ, ಒಂದು ಕೂದಲಿನಷ್ಟು ಅತ್ತ, ಅದರ ಅರ್ಧದಷ್ಟು ಇತ್ತ ಸರಿಸುತ್ತ ಕಳೆದೆ.

ತೂಕದ ಬಗ್ಗೆ ಎರಡು ಮಾತು ಹೇಳಬೇಕು. ನಿಜವಾದ ಸಿ96 ಒಂದು ಕಿಲೋಗ್ರಾಮಿಗಿಂತ ಹೆಚ್ಚು ತೂಗುತ್ತದೆ. ಬರೀ ರೆಸಿನ್ನಿನ ಪ್ರತಿಕೃತಿಯನ್ನು ಎತ್ತಿಕೊಂಡರೆ ಕಣ್ಣು ಒಂದನ್ನು ಹೇಳುತ್ತದೆ, ಕೈ ಇನ್ನೊಂದನ್ನು ಹೇಳುತ್ತದೆ. ಗುಂಡಿನ ಪೆಟ್ಟಿಗೆಯ ತಳವನ್ನು ಕೊಯ್ದು ಒಳಗೆ ಟೊಳ್ಳು ಮಾಡಿ, ಉಕ್ಕಿನ ನಟ್ಟುಗಳನ್ನು ಎಪಾಕ್ಸಿಯೊಂದಿಗೆ ತುಂಬಿ ಮತ್ತೆ ಮುಚ್ಚಿದೆ. ಬಣ್ಣ ಕಾಣುವ ಮೊದಲೇ ಅದನ್ನು ಎತ್ತಿ ನೋಡಿದ ಅಣ್ಣ, “ಇದು ಆಟದ ಸಾಮಾನಿನ ತೂಕ ಅಲ್ಲ ಕಣೋ” ಎಂದ. ನನಗೆ ಬೇಕಾಗಿದ್ದದ್ದೂ ಅದೇ ಮಾತು.

ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲಿನ ಅಡಿಲೇಪನ, ಹೊಡೆಯುವ ದಿನ ಎಲ್ಲರಿಗೂ ಖುಷಿಯ ದಿನ. ನಾನಾ ಬಣ್ಣದ ಪುಟ್ಟಿ, ಅಂಟು, ರೆಸಿನ್ ಎಲ್ಲ ಒಂದೇ ಬೂದು ಬಣ್ಣದಡಿ ಸೇರಿ ವಸ್ತುವೊಂದು ಮೊದಲ ಬಾರಿಗೆ ಇಡಿಯಾಗಿ ಕಾಣುತ್ತದೆ. ಡಬ್ಬಿಯನ್ನು ಒಂದು ಗೇಣಿಗಿಂತ ತುಸು ದೂರ ಹಿಡಿದು ತೆಳುವಾಗಿ ಮೂರು ಸುತ್ತು ಹೊಡೆದೆ. ಬೂದು ಬಣ್ಣ ತಪ್ಪುಗಳನ್ನು ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ. ನಳಿಕೆಯ ಕೆಳಗೆ ಉಳಿದಿದ್ದ ಅಚ್ಚಿನ ಗೆರೆ, ಹ್ಯಾಮರಿನ (ಗುಂಡು ಸಿಡಿಸಲು ಬಡಿಯುವ ಹಿಂಬದಿಯ ಭಾಗ) ಪಕ್ಕದ ಎರಡು ತೂತುಗಳು ಆಗಲೇ ಕಂಡದ್ದು. ಅವನ್ನೆಲ್ಲ ಸರಿಪಡಿಸಿ, ಕಪ್ಪು ಹೊಡೆದು, ಎರಡು ದಿನ ಬಿಟ್ಟು ಟ್ರಿಗರಿನ ಸುತ್ತ ಮರೆ ಮಾಡಲು ಮಾಸ್ಕಿಂಗ್ ಟೇಪ್ ಅಂಟಿಸಿದೆ. ಟೇಪನ್ನು ಎಳೆದಾಗ ಅದರೊಂದಿಗೆ ಕಪ್ಪು, ಬೂದು ಎರಡೂ ಸೇರಿ ಹಾವಿನ ಪೊರೆಯಂತೆ ಸುಲಿದು ಬಂದು, ಟ್ರಿಗರ್ ಕಾಪಿನ ಒಳಬದಿಯಲ್ಲಿ ರೆಸಿನ್ನಿನ ಹಳದಿ ಮೈ ನುಣ್ಣಗೆ ಹೊಳೆಯಿತು. ಬೆರಳಾಡಿಸಿದರೆ ಜಾರುತ್ತಿತ್ತು. ತೊಳೆಯುವ ದಿನ ಬ್ರಷ್ಷಿನ ತಲೆ ಆ ಸಣ್ಣ ಕಮಾನಿನೊಳಗೆ ಹೋಗಿರಲೇ ಇಲ್ಲ. ಆ ಭಾಗದ ಬಣ್ಣವನ್ನೆಲ್ಲ ಕೆರೆದು, ಸೋಪಿನ ನೀರಿನಲ್ಲಿ ಹತ್ತಿಕಡ್ಡಿ ಅದ್ದಿ ಮೂಲೆ ಮೂಲೆ ತೊಳೆದು, ಎಮರಿ ಕಾಗದವನ್ನು ಕಡ್ಡಿಗೆ ಸುತ್ತಿ ಒಳಗೆಲ್ಲ ಒರಟು ಮಾಡಿ, ಮತ್ತೆ ಪ್ರೈಮರಿನಿಂದ ಆರಂಭಿಸಿದೆ. ಎರಡು ವಾರಾಂತ್ಯ ಅದಕ್ಕೇ ಹೋಯಿತು. ಅಂದಿನಿಂದ ತೊಳೆಯುವಾಗ ಕಮಾನು, ತೂತು, ಸಂದುಗಳಿಗೆಂದೇ ಸೀಸೆ ತೊಳೆಯುವ ಕಿರಿದಾದ ಬ್ರಷ್ಷೊಂದನ್ನು ಇಟ್ಟುಕೊಂಡಿದ್ದೇನೆ.

ಇನ್ನು ಬಣ್ಣದ ವಿಷಯ. ನಾನು ಮೊದಲು ಅನುಸರಿಸಿದ್ದು ಈ ಹವ್ಯಾಸದಲ್ಲಿ ಬಹು ಪ್ರಚಲಿತವಾಗಿರುವ ಹೇರ್‌ಸ್ಪ್ರೇ ವಿಧಾನವನ್ನು. ಅಡಿಯಲ್ಲಿ ಅಲ್ಯುಮಿನಿಯಮ್ ಬಣ್ಣದ ಲ್ಯಾಕರ್, ಅದರ ಮೇಲೆ ಹೇರ್‌ಸ್ಪ್ರೇ, ಅದರ ಮೇಲೆ ಕಪ್ಪು ಅಕ್ರಿಲಿಕ್. ಕಪ್ಪು ಒಣಗಿದ ಮೇಲೆ ನೀರು ಸವರಿದರೆ ನಡುವಣ ಹೇರ್‌ಸ್ಪ್ರೇ ಕರಗುತ್ತದೆ, ಗಡುಸು ಬ್ರಷ್ಷಿನಿಂದ ತಿಕ್ಕಿದ ಕಡೆ ಕಪ್ಪು ಚಕ್ಕೆ ಚಕ್ಕೆಯಾಗಿ ಎದ್ದು ಕೆಳಗಿನ ಲೋಹದ ಬಣ್ಣ ಇಣುಕುತ್ತದೆ. ಇಡೀ ಪಿಸ್ತೂಲಿಗೆ ಹೀಗೆ ಮಾಡಿ, ಅಂಚುಗಳಿಗೆಲ್ಲ ಒಣ ಬ್ರಷ್ಷಿನಿಂದ ಬೆಳ್ಳಿ ಬಣ್ಣ ಸವರಿ ದೂರ ನಿಂತು ನೋಡಿದೆ. ಚೆನ್ನಾಗಿ ಕಾಣುತ್ತಿತ್ತು, ಆದರೆ ನಂಬುವಂತಿರಲಿಲ್ಲ. ಪ್ರತಿ ಅಂಚಿಗೂ ಬೆಳ್ಳಿಯ ಗೆರೆ ಎಳೆದ ಚಿತ್ರದಂತಿತ್ತು.

ಏಕೆ ಹೀಗಾಯಿತೆಂದು ಹಲವು ದಿನ ಯೋಚಿಸಿದೆ. ಉತ್ತರ ಸಿಕ್ಕಿದ್ದು ಬಂದೂಕಿನ ಉಕ್ಕಿಗೆ ಕಪ್ಪು ಬರುವ ಬಗೆಯನ್ನು ತಿಳಿದ ಮೇಲೆ. ಹಳೆಯ ಪಿಸ್ತೂಲುಗಳ ಕಪ್ಪು ಬಣ್ಣ ಹಚ್ಚಿದ್ದಲ್ಲ. ಬ್ಲೂಯಿಂಗ್ ಎನ್ನುವ ಪ್ರಕ್ರಿಯೆಯಲ್ಲಿ ಉಕ್ಕಿನ ಮೇಲ್ಮೈಯೇ ಮ್ಯಾಗ್ನೆಟೈಟ್ ಎಂಬ ಕಪ್ಪು ಕಬ್ಬಿಣದ ಆಕ್ಸೈಡ್ ಆಗಿ ಮಾರ್ಪಡುತ್ತದೆ. ಅದು ಲೋಹದ ಮೇಲೆ ಕೂತ ಪದರವಲ್ಲದ ಕಾರಣ ಬಣ್ಣದಂತೆ ಚಕ್ಕೆ ಏಳುವುದಿಲ್ಲ; ಕೈಯಾಡಿದ ಕಡೆ ದಿನದಿನಕ್ಕೆ ತೆಳುವಾಗುತ್ತ, ಕಪ್ಪಿನಿಂದ ಕಂದುಮಿಶ್ರಿತ ಬೂದಿಗೆ, ಬೂದಿನಿಂದ ಉಕ್ಕಿನ ಬಿಳುಪಿಗೆ ಗಡಿಯೇ ಕಾಣದಂತೆ ಜಾರುತ್ತದೆ. ಚಕ್ಕೆಯೇಳುವುದು ಬಣ್ಣ ಬಳಿದ ವಸ್ತುಗಳಲ್ಲಿ ಮಾತ್ರ, ಅಂದರೆ ನನ್ನ ಪಿಸ್ತೂಲಿನಲ್ಲಿ ಸ್ಕೋಪು, ಅದರ ಆಸರೆ ಮುಂತಾದ ಹೊರಗಿನಿಂದ ಬಂದು ಸೇರಿದ ಭಾಗಗಳಲ್ಲಿ. ಎರಡು ಬಗೆಯ ಕಪ್ಪು ಎರಡು ಬಗೆಯಲ್ಲಿ ಹಳತಾಗಬೇಕು. ನಾನು ಎರಡನ್ನೂ ಒಂದೇ ಕೈಯಲ್ಲಿ ಚಕ್ಕೆಯೆಬ್ಬಿಸಿದ್ದೆ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಾರ್ಖಾನೆಯಲ್ಲಿ ಹುಟ್ಟಿದ ಭಾಗಗಳು ಒಂದೆಡೆ ಸೇರಿವೆ ಎಂಬುದೇ ಈ ವಸ್ತುವಿನ ಚೆಲುವು, ಅದನ್ನೇ ನಾನು ಅಳಿಸಿಬಿಟ್ಟಿದ್ದೆ.

ಪಿಸ್ತೂಲಿನ ಮೈಯನ್ನು ಮತ್ತೆ ಉಜ್ಜಿ ಪ್ರೈಮರಿಗೆ ತಂದೆ. ಆದರೆ ಈ ಬಾರಿ ಬಣ್ಣಕ್ಕೆ ಕೈ ಹಾಕುವ ಮೊದಲು ಸವೆತದ ನಕ್ಷೆ ಬೇಕಿತ್ತು. ಎಲ್ಲಿ ಸವೆಯುತ್ತದೆ ಎಂದು ಕೂತು ಊಹಿಸಿದರೆ ಕೈ ಮತ್ತೆ ಅಂಚುಗಳತ್ತಲೇ ಓಡುತ್ತದೆ. ಹಾಗಾಗಿ ದಪ್ಪ ಚರ್ಮದ ತುಂಡೊಂದನ್ನು ಮಡಿಚಿ ಹೊಲಿದು ಒರೆಯ ಆಕಾರ ಮಾಡಿ, ಅದರೊಳಗೂ ನನ್ನ ಬಲಗೈಗೂ ಸೀಮೆಸುಣ್ಣದ ಪುಡಿ ಸವರಿಕೊಂಡು, ಅದನ್ನು ತೊಡೆಗೆ ಕಟ್ಟಿಕೊಂಡು, ಮ್ಯಾಟ್ (ಹೊಳಪಿಲ್ಲದ) ಕಪ್ಪು ಹೊಡೆದ ಪಿಸ್ತೂಲನ್ನು ನೂರು ಬಾರಿ ಹಿರಿದು ನೂರು ಬಾರಿ ಒಳಗಿಟ್ಟೆ. ಸುಣ್ಣ ಬರೆದ ನಕ್ಷೆ ನನ್ನ ಊಹೆಗಿಂತ ಬೇರೆಯೇ ಆಗಿತ್ತು. ನಳಿಕೆಯ ತುದಿಯ ಶಂಕುವಿನ ಅಂಚು ಸುತ್ತಲೂ ಬೆಳ್ಳಗಾಗಿರಲಿಲ್ಲ, ತೊಡೆಯ ಕಡೆಯ ಅರ್ಧಚಂದ್ರ ಮಾತ್ರ ಬೆಳ್ಳಗಾಗಿತ್ತು. ಗುಂಡಿನ ಪೆಟ್ಟಿಗೆಯ ಮುಂಬದಿಯ ಕೆಳಮೂಲೆ, ಸ್ಕೋಪಿನ ಹೊಟ್ಟೆಯ ಒಂದು ಪಟ್ಟಿ, ಹೆಬ್ಬೆರಳು ಊರುವ ಹ್ಯಾಮರಿನ ನೆತ್ತಿ, ತೋರುಬೆರಳು ಟ್ರಿಗರಿಗೆ ಹೋಗುವ ಮೊದಲು ಒರಗಿ ನಿಲ್ಲುವ ಚಪ್ಪಟೆ ಜಾಗ, ಇಷ್ಟು ಕಡೆ ಸುಣ್ಣ ದಟ್ಟವಾಗಿತ್ತು. ನಾನು ಬೆಳ್ಳಿ ಸವರಿ ಮೆರೆಸಿದ್ದ ಹಿಂಬದಿಯ ಚೂಪಾದ ಅಂಚುಗಳ ಮೇಲೆ ಸುಣ್ಣದ ಸುಳಿವೂ ಇರಲಿಲ್ಲ, ಏಕೆಂದರೆ ಅವುಗಳನ್ನು ಏನೂ ಮುಟ್ಟುವುದಿಲ್ಲ. ಎಲ್ಲ ಬದಿಯಿಂದ ಛಾಯಾಚಿತ್ರ ತೆಗೆದುಕೊಂಡು ಪಿಸ್ತೂಲನ್ನು ತೊಳೆದೆ. ಆ ಹನ್ನೆರಡು ಚಿತ್ರಗಳು ಮುಂದಿನ ಕೆಲಸದುದ್ದಕ್ಕೂ ಮೇಜಿನೆದುರಿನ ಗೋಡೆಯ ಮೇಲಿದ್ದವು.

ಉಕ್ಕಿನ ಭಾಗಗಳಿಗೆ ಈ ಬಾರಿ ಬಣ್ಣದ ಬದಲು ಪೆನ್ಸಿಲಿನ ಗ್ರ್ಯಾಫೈಟ್ ಬಳಸಿದೆ. 6ಬಿ ಪೆನ್ಸಿಲಿನ ಸೀಸವನ್ನು ಎಮರಿ ಕಾಗದದ ಮೇಲೆ ತೇಯ್ದರೆ ಎಣ್ಣೆಗಪ್ಪಿನ ನುಣುಪಾದ ಪುಡಿ ಬರುತ್ತದೆ. ತೀರಾ ಹೊಳಪೂ ಅಲ್ಲದ, ತೀರಾ ಒರಟೂ ಅಲ್ಲದ ಕಪ್ಪಿನ ಮೇಲೆ ಆ ಪುಡಿಯನ್ನು ಬೆರಳಿನಿಂದ ಉಜ್ಜಿದರೆ, ಮೊದಲು ಏನೂ ಆಗದಂತೆ ಕಂಡು, ಹತ್ತಿಪ್ಪತ್ತು ಸಲ ಉಜ್ಜುವಷ್ಟರಲ್ಲಿ ಕಪ್ಪಿನೊಳಗಿಂದಲೇ ಲೋಹ ಮೇಲೇಳುತ್ತಿದೆಯೇನೋ ಎಂಬಂಥ ಹೊಳಪು ಮೂಡುತ್ತದೆ. ಬೆಳ್ಳಿ ಬಣ್ಣದ ಮಿನುಗು ಅದಕ್ಕಿಲ್ಲ. ದೀಪದ ಕೆಳಗೆ ತಿರುಗಿಸಿದರೆ ಮಾತ್ರ ಬೆಳಕು ಅಂಚಿನುದ್ದಕ್ಕೆ ಹರಿದು ಮಾಯವಾಗುತ್ತದೆ. ಸುಣ್ಣದ ನಕ್ಷೆಯಲ್ಲಿ ದಟ್ಟವಾಗಿದ್ದ ಕಡೆ ಹೆಚ್ಚು ಉಜ್ಜಿದೆ, ತೆಳುವಾಗಿದ್ದ ಕಡೆ ಬೆರಳು ತೇಲಿಸಿದೆ. ಹೆಬ್ಬೆರಳಿನ ಜಾಗವನ್ನು ಹೆಬ್ಬೆರಳಿನಿಂದಲೇ, ತೋರುಬೆರಳಿನ ಜಾಗವನ್ನು ತೋರುಬೆರಳಿನಿಂದಲೇ ಉಜ್ಜಿದ್ದರಿಂದ ಸವೆತದ ಆಕಾರ ತಾನಾಗಿ ಬೆರಳಿನ ಆಕಾರಕ್ಕೆ ಬಂತು. ಕುಂಚದಲ್ಲಿ ಅದನ್ನು ತರಲು ನನ್ನಿಂದಾಗುತ್ತಿರಲಿಲ್ಲ.

ಸ್ಕೋಪು ಮತ್ತು ಆಸರೆಗೆ ಹೇರ್‌ಸ್ಪ್ರೇ ವಿಧಾನವನ್ನೇ ಉಳಿಸಿಕೊಂಡೆ, ಆದರೆ ಬ್ರಷ್ಷಿನಿಂದ ತಿಕ್ಕದೆ, ತೇವ ಮಾಡಿದ ಕಡೆ ಹಲ್ಲುಕಡ್ಡಿಯ ಮೊನೆಯಿಂದ ಒಂದೊಂದೇ ಚಕ್ಕೆ ಎಬ್ಬಿಸಿದೆ. ಸ್ಕ್ರೂಗಳ ಸುತ್ತ, ಸ್ಕ್ರೂಡ್ರೈವರ್ ಜಾರಿ ಗೀರಿರಬಹುದಾದ ಜಾಗದಲ್ಲಿ, ಸ್ಕೋಪಿನ ಮೇಲಿನ ಗುಂಡಿಯ ತಲೆಯ ಮೇಲೆ, ಅಷ್ಟೇ. ಸ್ಕೋಪಿನ ಕಪ್ಪಿಗೆ ಒಂದು ಹನಿ ನೀಲಿ ಬೆರೆಸಿ ಸ್ವಲ್ಪ ಹೆಚ್ಚು ಹೊಳಪು ಕೊಟ್ಟೆ, ಆಸರೆಯನ್ನು ಪೂರ್ತಿ ಮ್ಯಾಟ್ ಮಾಡಿದೆ. ಒಂದೇ ಕಪ್ಪು ಮೂರು ಬಗೆಯಲ್ಲಿ ಬೆಳಕನ್ನು ಹಿಡಿದಾಗ, ಮೂರು ಬೇರೆ ಬೇರೆ ಮೂಲದ ಭಾಗಗಳು ಕೂಡಿವೆ ಎಂಬುದು ಹೇಳದೆಯೇ ತಿಳಿಯುತ್ತದೆ. ಸ್ಕೋಪಿನ ಎರಡೂ ಬಾಯಿಗೆ ಕಿಟ್ಟಿನ ಚಪ್ಪಟೆ ಪ್ಲಾಸ್ಟಿಕ್ ಬಿಲ್ಲೆಗಳ ಬದಲು ಹಳೆಯ ಭೂತಗನ್ನಡಿಯ ಸಣ್ಣ ಮಸೂರಗಳನ್ನು ಕೂರಿಸಿದೆ. ಉಬ್ಬಿದ ಗಾಜಿನಲ್ಲಿ ಕಿಟಕಿ ತಲೆಕೆಳಗಾಗಿ ಕಾಣುವುದನ್ನು ಇಂದಿಗೂ ಆಗಾಗ ನೋಡುತ್ತೇನೆ.

ಹಿಡಿಯ ಕೆಲಸ ನಾನು ಹೆದರಿದಷ್ಟು ಕಷ್ಟವಾಗಲಿಲ್ಲ. ಸಿ96ರ ಹಿಡಿ ಅಡ್ಡಗೆರೆಗಳ ಕೊರೆತವಿರುವ ಮರದ್ದು, ನನ್ನಲ್ಲಿದ್ದದ್ದು ರೆಸಿನ್. ಮೊದಲು ತಿಳಿ ಕಂದು ಅಕ್ರಿಲಿಕ್ ಬಳಿದು ಒಣಗಿಸಿ, ಅದರ ಮೇಲೆ ಬರ್ಂಟ್ ಅಂಬರ್ ಎಂಬ ಗಾಢ ಕಂದಿನ ಎಣ್ಣೆಬಣ್ಣವನ್ನು ತೆಳುವಾಗಿ ಹಚ್ಚಿ, ಕೂದಲು ಕತ್ತರಿಸಿ ಒರಟು ಮಾಡಿದ ಹಳೆಯ ಬ್ರಷ್ಷನ್ನು ಹಿಡಿಯ ಉದ್ದಕ್ಕೆ ಒಂದೇ ಎಳೆತದಲ್ಲಿ ಎಳೆದೆ. ಬ್ರಷ್ಷಿನ ಒಂದೊಂದು ಕೂದಲೂ ಒಂದೊಂದು ಎಳೆಯಾಗಿ ಮರದ ನಾರಿನಂತೆ ಉಳಿಯಿತು. ಎಳೆಯುವಾಗ ಕೈ ನಡುಗಿದ ಒಂದು ಕಡೆ ನಾರು ಸ್ವಲ್ಪ ಬಾಗಿ ಗಂಟಿನ ಹತ್ತಿರ ಸುತ್ತಿದಂತಾಯಿತು. ಮರದಲ್ಲಿ ಹಾಗೆಯೇ ಇರುತ್ತದಾದ್ದರಿಂದ ಅದನ್ನು ಅಳಿಸಲಿಲ್ಲ. ಎಣ್ಣೆಬಣ್ಣ ಒಣಗಲು ಒಂದು ವಾರ ಬೇಕಾಯಿತು, ಆ ವಾರ ಅದನ್ನು ಮುಟ್ಟದೆ ಇರುವುದೇ ಇಡೀ ಹಿಡಿಯಲ್ಲಿ ಕಷ್ಟದ ಭಾಗ. ಆಮೇಲೆ ಕೊರೆತಗಳೊಳಗೆ ಇನ್ನೂ ಗಾಢವಾದ ಕಂದನ್ನು ತೆಳುವಾಗಿ ಹರಿಸಿ ಮೇಲ್ಮೈಯನ್ನು ಒರೆಸಿದೆ. ಅಂಗೈ ಒತ್ತುವ ಹಿಂಬದಿಯ ಉಬ್ಬಿಗೆ ಮಾತ್ರ ಹೊಳಪಿನ ವಾರ್ನಿಷ್, ಉಳಿದದ್ದಕ್ಕೆ ಅರೆಹೊಳಪು. ನಡುವಣ ಸ್ಕ್ರೂ ನಿಜವಾದ ಉಕ್ಕಿನದು. ಕಣ್ಣು ಮುಚ್ಚಿ ಹಿಡಿದರೂ ಆ ಒಂದು ಬಿಂದು ತಣ್ಣಗೆ ತಾಗುತ್ತದೆ, ಉಳಿದ ರೆಸಿನ್ನನ್ನೂ ಅದೇ ಲೋಹವೆಂದು ಕೈ ಒಪ್ಪಿಕೊಳ್ಳುತ್ತದೆ.

ಇಷ್ಟು ನಿಜದಂತೆ ಕಾಣುವ ವಸ್ತುವನ್ನು ಇಟ್ಟುಕೊಳ್ಳುವಲ್ಲಿ ಒಂದು ಜವಾಬ್ದಾರಿಯಿದೆ. ದೂರದಿಂದ ನೋಡುವವರಿಗೆ, ಅದರಲ್ಲೂ ಪೊಲೀಸರಿಗೆ, ಇದು ರೆಸಿನ್ನಿನದೆಂದು ತಿಳಿಯಲು ದಾರಿಯೇ ಇಲ್ಲ. ಇದನ್ನು ಬಿಚ್ಚುಗೈಯಲ್ಲಿ ಹಿಡಿದು ನಾನು ಬಾಗಿಲು ದಾಟುವುದಿಲ್ಲ. ಸಾಗಿಸಬೇಕಾದರೆ ಬೀಗವಿರುವ ಪೆಟ್ಟಿಗೆಯಲ್ಲೇ ಸಾಗಿಸುತ್ತೇನೆ. ನಕಲಿ ಬಂದೂಕುಗಳ ಬಗ್ಗೆ ಹಲವು ದೇಶಗಳಲ್ಲಿ ಪ್ರತ್ಯೇಕ ಕಾನೂನುಗಳಿವೆ. ಕಿಟ್ ಕೊಳ್ಳುವ ಮೊದಲೇ ತಮ್ಮಲ್ಲಿ ಏನು ನಿಯಮವಿದೆಯೆಂದು ಪ್ರತಿಯೊಬ್ಬರೂ ತಿಳಿದುಕೊಂಡಿರಬೇಕು.

ಕೊನೆಗೆ ಉಳಿದದ್ದು ರಕ್ಷಣೆಯ ಪಾರದರ್ಶಕ ಲೇಪನ ಕೊಡಬೇಕೇ ಬೇಡವೇ ಎಂಬ ಪ್ರಶ್ನೆ. ಸ್ಕೋಪಿಗೆ, ಆಸರೆಗೆ ಕೊಟ್ಟೆ. ಗ್ರ್ಯಾಫೈಟ್ ಉಜ್ಜಿದ ಭಾಗಕ್ಕೆ ಕೊಡಲಿಲ್ಲ. ಪರೀಕ್ಷೆಯ ತುಂಡಿನ ಮೇಲೆ ಲೇಪನ ಬಿದ್ದ ಕೂಡಲೇ ಆ ಲೋಹದ ಹೊಳಪು ಮಂಕಾಗಿ ಬೂದು ಬಣ್ಣವಾಗಿಬಿಟ್ಟಿತ್ತು. ಹಾಗೇ ಬಿಟ್ಟರೆ ಮುಟ್ಟಿದಾಗಲೆಲ್ಲ ಸ್ವಲ್ಪ ಸ್ವಲ್ಪ ಕೈಗೆ ಬರುತ್ತದೆ, ಮಾಸಿದ ಕಡೆ ಮತ್ತೆ ಉಜ್ಜಿಕೊಂಡರಾಯಿತು ಎಂದುಕೊಂಡೆ.

ಇದಾಗಿ ಈಗ ಒಂದೂವರೆ ವರ್ಷ. ಕಳೆದ ವಾರ ಧೂಳು ಒರೆಸಲು ದೀಪದ ಕೆಳಗೆ ಹಿಡಿದಾಗ ಗುಂಡಿನ ಪೆಟ್ಟಿಗೆಯ ಎಡಬದಿಯಲ್ಲಿ, ಟ್ರಿಗರ್ ಕಾಪಿನಿಂದ ಎರಡು ಬೆರಳು ಮುಂದೆ, ಕಪ್ಪು ತೆಳುವಾಗಿ ಅಡಿಯ ಬೂದು ಪ್ರೈಮರ್ ಅಂಡಾಕಾರದಲ್ಲಿ ಕಾಣಿಸಿತು. ಆ ಜಾಗ ಸುಣ್ಣದ ನಕ್ಷೆಯಲ್ಲಿರಲಿಲ್ಲ, ನಾನೂ ಅಲ್ಲಿ ಏನನ್ನೂ ಉಜ್ಜಿರಲಿಲ್ಲ. ಪಿಸ್ತೂಲನ್ನು ಸ್ಟ್ಯಾಂಡಿನಿಂದ ಎತ್ತುವಾಗ ನಾನು ಹಿಡಿಯುವುದು ಎಡಗೈಯಲ್ಲಿ, ಹೆಬ್ಬೆರಳು ಊರುವುದು ಸರಿಯಾಗಿ ಅಲ್ಲಿಯೇ. ಅದನ್ನು ತಿದ್ದದೆ ಹಾಗೆಯೇ ಸ್ಟ್ಯಾಂಡಿನ ಮೇಲಿಟ್ಟೆ.